ಅಮ್ಮ ಹುಡುಕಿದ ಸ್ಲಾತ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಕೇಳಿದ್ದು ಒಂದೇ ಪ್ರಶ್ನೆ. ನಾವು ಹೋದ ದಾರಿಯಲ್ಲೇ ಹೋಗುವ ಹಡಗಿನಲ್ಲಿ ನೀನೂ ನಿಮ್ಮಪ್ಪನೂ ಹೊರಟಿದ್ದೀರಿ. ಕೋಸ್ಟಾರಿಕಾದ ಲಿಮೋನ್ ಬಂದರಿನಲ್ಲಿ ಒಂದು ಹಗಲು ಸಿಗುತ್ತದೆ. ಆ ದಿನಕ್ಕೆ ಹಡಗಿನವರ ಟೂರ್ ತಗೊಳ್ಳುವುದೋ, ನಮ್ಮ ಹಾಗೆ ಸ್ವಂತಕ್ಕೆ ಒಬ್ಬ ಗೈಡ್ ಹಿಡಿಯುವುದೋ? ‘ಗೈಡ್ ಹಿಡಿ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮಪ್ಪನ ಮಂಡಿ ನೋವಿನ ವಿಷಯ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಆ ದಿನದ ಕಥೆಯನ್ನು ಪೂರ್ತಿ ಹೇಳಬೇಕು ಅನಿಸಿತು.

ಅಮ್ಮನಿಗೆ ಈಗ ಎಪ್ಪತ್ತೆರಡು. ನಡೆಯುತ್ತಾಳೆ, ಆದರೆ ನಿಧಾನ. ಹಿಂದಿನ ವರ್ಷ ಬೇರೊಂದು ಪ್ರವಾಸದಲ್ಲಿ ಅವಳನ್ನು ದೊಡ್ಡ ಬಸ್ಸಿನ ಕಾಡು ಸುತ್ತಾಟಕ್ಕೆ ಕರೆದುಕೊಂಡು ಹೋಗಿದ್ದೆ. ನಲವತ್ತು ಜನ, ಒಬ್ಬ ಗೈಡ್, ಕೈಯಲ್ಲಿ ಒಂದು ಬಾವುಟ. ಮುಂದಿದ್ದವರು ಮಂಗ ನೋಡಿ ಮುಗಿಸಿ ಹೊರಡುವ ಹೊತ್ತಿಗೆ ನಾವು ಅಲ್ಲಿಗೆ ತಲುಪುತ್ತಿದ್ದೆವು. ಅಷ್ಟರಲ್ಲಿ ಮಂಗ ಇರುತ್ತಿರಲಿಲ್ಲ. ಮೂರನೇ ಸಲ ಹಾಗಾದಾಗ ಅಮ್ಮ, ‘ನೀನು ಹೋಗಿ ನೋಡ್ಕೊಂಡು ಬಾ, ನಾನು ಬಸ್ಸಲ್ಲಿ ಕೂತಿರ್ತೀನಿ’ ಅಂದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಕಾಡು ಅಂದರೆ ಅಷ್ಟು ಇಷ್ಟಪಡುವವಳು ಅವಳು. ಗಿಡ ಕಂಡರೆ ನಿಂತು ಎಲೆ ಮುಟ್ಟಿ ನೋಡುವವಳು.

ಅದಕ್ಕೇ ಈ ಸಲ ಒಂದೂವರೆ ತಿಂಗಳು ಮೊದಲೇ ಲಿಮೋನಿನ ಒಬ್ಬ ಗೈಡ್‌ಗೆ ಬರೆದೆ. ಅವರು ಬೆಲೆ ಹೇಳುವ ಮುಂಚೆ ಕೇಳಿದ್ದು ಮೂರು ವಿಷಯ: ಅಮ್ಮ ಎಷ್ಟು ದೂರ ನಡೆಯಬಲ್ಲರು, ಹಡಗಿಗೆ ವಾಪಸ್ ಹತ್ತಬೇಕಾದ ಸಮಯ ಎಷ್ಟು, ಆ ಸಮಯ ಹಡಗಿನ ಗಡಿಯಾರದ್ದೋ ಊರಿನ ಗಡಿಯಾರದ್ದೋ. ಮೂರನೆಯದು ಓದಿದಾಗಲೇ ಇವರು ಗೊತ್ತಿರುವವರು ಅಂತ ಧೈರ್ಯ ಬಂತು. ನೀನೂ ಬುಕ್ ಮಾಡುವ ಮುಂಚೆ ಲೈಸೆನ್ಸ್ ಇದೆಯಾ ಅಂತ ಕೇಳು. ಅಲ್ಲಿ ಐಸಿಟಿ ಅನ್ನುವ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಗೈಡ್‌ಗಳಿಗೆ ಗುರುತಿನ ಚೀಟಿ ಕೊಡುತ್ತದೆ. ನಮ್ಮವರು ಅದನ್ನು ಕೊರಳಲ್ಲೇ ನೇತು ಹಾಕಿಕೊಂಡು ಬಂದಿದ್ದರು.

ಗಡಿಯಾರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮರೆಯಬಾರದು. ನಾವು ಹಿಂದಿನ ಸಂಜೆ ಪನಾಮಾದ ಕೊಲೋನ್‌ನಿಂದ ಹೊರಟಿದ್ದೆವು. ಪನಾಮಾದ ಹೊತ್ತು ಕೋಸ್ಟಾರಿಕಾಕ್ಕಿಂತ ಒಂದು ಗಂಟೆ ಮುಂದೆ. ಹಡಗಿನವರು ಗಡಿಯಾರ ಬದಲಿಸಿರಲಿಲ್ಲ. ಬೆಳಿಗ್ಗೆ ಎದ್ದಾಗ ನನ್ನ ಫೋನ್ ತಾನಾಗಿಯೇ ಊರಿನ ಹೊತ್ತಿಗೆ ತಿರುಗಿ ಆರು ತೋರಿಸುತ್ತಿತ್ತು, ಹಡಗಿನ ಗಡಿಯಾರದಲ್ಲಿ ಏಳು. ಸಂಜೆ ನಾಲ್ಕೂವರೆಗೆ ಹಡಗಿನಲ್ಲಿರಬೇಕು ಅಂದರೆ ಫೋನಿನಲ್ಲಿ ಮೂರೂವರೆ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ. ಸ್ವಂತಕ್ಕೆ ಹೋದವರಿಗೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿನ್ನ ಖರ್ಚಿನಲ್ಲೇ ಹೋಗಿ ಹಡಗು ಹಿಡಿಯಬೇಕು. ಆದ್ದರಿಂದ ಅಪ್ಪನ ಕೈಗೆ ಮುಳ್ಳಿನ ವಾಚ್ ಕಟ್ಟು, ಅದನ್ನು ಹಡಗಿನ ಹೊತ್ತಿಗೇ ಇಡು.

ಹಡಗು ನಿಂತ ಜಾಗದಿಂದ ಉವಿತಾ ಅನ್ನುವ ಪುಟ್ಟ ದ್ವೀಪ ಕಾಣುತ್ತದೆ. 1502ರಲ್ಲಿ ಕೊಲಂಬಸ್ ತನ್ನ ನಾಲ್ಕನೇ ಯಾನದಲ್ಲಿ ಲಂಗರು ಹಾಕಿದ್ದು ಅದರ ಹತ್ತಿರವೇ. ಬಂದರಿನ ಗೇಟಿನ ಹೊರಗೆ ಗೈಡ್ ನನ್ನ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದರು. ನಲವತ್ತು ದಾಟಿದ ಎತ್ತರದ ಮನುಷ್ಯ. ಅವರ ಮುತ್ತಜ್ಜ ಜಮೈಕಾದಿಂದ ರೈಲು ಹಳಿ ಹಾಕುವ ಕೆಲಸಕ್ಕೆ ಬಂದವರಂತೆ. ಕಾಫಿಯನ್ನು ಬೆಟ್ಟದಿಂದ ಈ ಬಂದರಿಗೆ ಇಳಿಸಲು ಹಾಕಿದ ಹಳಿ ಅದು, 1890ರಲ್ಲಿ ಮುಗಿಯಿತು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಸ್ಪ್ಯಾನಿಷ್ ಜೊತೆ ತಮ್ಮದೇ ಥರದ ಇಂಗ್ಲಿಷ್ ಮಾತಾಡುತ್ತಾರೆ. ಅಮ್ಮನಿಗೆ ಎರಡೂ ಬರುವುದಿಲ್ಲ. ಅವಳು ಕನ್ನಡದಲ್ಲೇ ಮಾತಾಡಿದಳು, ಅವರು ತಲೆಯಾಡಿಸಿ ಕೈ ಹಿಡಿದು ವ್ಯಾನಿಗೆ ಹತ್ತಿಸಿದರು. ಇಡೀ ದಿನ ಇಬ್ಬರೂ ಹಾಗೇ ನಡೆಸಿದರು.

ನಾವು ಹೋಗಿದ್ದು ಕವೀತಾ ರಾಷ್ಟ್ರೀಯ ಉದ್ಯಾನಕ್ಕೆ. ಲಿಮೋನಿನಿಂದ ದಕ್ಷಿಣಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್, ಸಮುದ್ರದ ಪಕ್ಕದಲ್ಲೇ ದಾರಿ. ಹೆಸರು ಕೇಳಿ ಅಮ್ಮ ‘ಕವಿತಾನಾ?’ ಅಂದಳು. ಮಿಸ್ಕಿಟೊ ಜನರ ಮಾತಿನಲ್ಲಿ ‘ಕವಿ’ ಅನ್ನುವುದು ಒಂದು ಮರದ ಹೆಸರು, ‘ತಾ’ ಅಂದರೆ ಸಮುದ್ರದೊಳಗೆ ಚಾಚಿದ ನೆಲದ ತುದಿ. ಅಮ್ಮ ಮಾತ್ರ ದಿನವಿಡೀ ಕವಿತಾ ಅಂತಲೇ ಕರೆದಳು.

ದಾರಿಯಲ್ಲಿ ಬಾಳೆತೋಟಗಳು, ಗೊನೆಗಳಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿರುತ್ತಾರೆ. ಒಂದು ಕಡೆ ನಿಲ್ಲಿಸಿ ದಡದಲ್ಲಿ ನೀರಿನಿಂದ ಮೇಲೆದ್ದಿದ್ದ ಹವಳದ ಬಂಡೆ ತೋರಿಸಿದರು. 1991ರ ಏಪ್ರಿಲ್ 22ರಂದು ಇಲ್ಲಿ ದೊಡ್ಡ ಭೂಕಂಪ ಆಯಿತು. ತೀವ್ರತೆ 7.5ಕ್ಕೂ ಮೇಲೆ. ಕೆಲವು ಕಡೆ ಕರಾವಳಿ ಸುಮಾರು ಒಂದೂವರೆ ಮೀಟರಿನಷ್ಟು ಮೇಲಕ್ಕೆ ಎದ್ದುಬಿಟ್ಟಿತು. ನೀರಿನಡಿ ಇದ್ದ ಹವಳ ಹೊರಬಿದ್ದು ಬಿಸಿಲಿಗೆ ಸತ್ತಿತು. ಆಗ ಶಾಲೆ ಹುಡುಗನಾಗಿದ್ದ ಅವರು ದಡದಲ್ಲಿ ಸಿಕ್ಕಿಬಿದ್ದಿದ್ದ ಮೀನುಗಳನ್ನು ಬಕೆಟ್ಟಿನಲ್ಲಿ ತುಂಬಿ ಮತ್ತೆ ನೀರಿಗೆ ಬಿಟ್ಟಿದ್ದರಂತೆ.

ರಸ್ತೆಯ ಮೇಲೆ ಮರದಿಂದ ಮರಕ್ಕೆ ಹಗ್ಗ ಕಟ್ಟಿದ್ದು ಕಂಡಿತು. ಅದು ಸ್ಲಾತ್ ಅನ್ನುವ, ಮರದ ಮೇಲೆ ತೀರಾ ನಿಧಾನವಾಗಿ ಓಡಾಡುವ ಪ್ರಾಣಿಗಳು ದಾಟುವುದಕ್ಕೆ. ಮರಗಳ ನಡುವೆ ಸಂದು ಬಿದ್ದಾಗ ಅವು ವಿದ್ಯುತ್ ತಂತಿ ಹಿಡಿದು ದಾಟಲು ಹೋಗಿ ಸಾಯುತ್ತವೆ.

ಸ್ಲಾತ್ ಅಂದ ಕೂಡಲೇ ನಮಗೆ ಗೊತ್ತಿರುವ ಕರಡಿ, ಅದೇ ಸ್ಲಾತ್ ಬೇರ್, ನೆನಪಾಗುತ್ತದೆ ಅಲ್ವಾ? ಎರಡಕ್ಕೂ ಸಂಬಂಧ ಇಲ್ಲ. 1791ರಲ್ಲಿ ಜಾರ್ಜ್ ಶಾ ಅನ್ನುವ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ನಮ್ಮ ಕರಡಿಯ ಉದ್ದ ಉಗುರು ನೋಡಿ, ಇದೂ ಅಮೆರಿಕದ ಸ್ಲಾತ್ ಜಾತಿಯದ್ದೇ ಅಂತ ತಪ್ಪಾಗಿ ಹೆಸರಿಟ್ಟ. ತಪ್ಪು ಗೊತ್ತಾದ ಮೇಲೂ ಹೆಸರು ಉಳಿಯಿತು. ನಿಜವಾದ ಸ್ಲಾತ್ ಮರದ ಮೇಲೆಯೇ ಬದುಕುವ ಬೇರೆಯೇ ಪ್ರಾಣಿ. ಅದಕ್ಕೆ ಹತ್ತಿರದ ನೆಂಟ ಅಂದರೆ ಇರುವೆ ತಿನ್ನುವ ಆಂಟೀಟರ್.

ಕವೀತಾದ ಊರಿನ ಕಡೆಯ ಬಾಗಿಲಲ್ಲಿ ಒಂದು ಮರದ ಕಟ್ಟೆ, ಒಂದು ರಿಜಿಸ್ಟರ್, ಒಂದು ಕಾಣಿಕೆ ಪೆಟ್ಟಿಗೆ. ಟಿಕೆಟ್ ಇಲ್ಲ, ನಿನಗೆ ಎಷ್ಟು ಅನಿಸುತ್ತೋ ಅಷ್ಟು ಹಾಕು. ಇದರ ಹಿಂದೊಂದು ಕಥೆ ಇದೆ. 1994ರಲ್ಲಿ ಸರ್ಕಾರ ವಿದೇಶಿಯರಿಗೆ ಪ್ರವೇಶ ಶುಲ್ಕವನ್ನು ಒಮ್ಮೆಲೇ 15 ಡಾಲರಿಗೆ ಏರಿಸಿತು. ಜನ ಬರುವುದು ನಿಂತರೆ ನಮ್ಮ ಹೊಟ್ಟೆಪಾಡೇನು ಅಂತ ಊರಿನವರೆಲ್ಲ ಬಂದು ಬಾಗಿಲನ್ನೇ ತಮ್ಮ ಕೈಗೆ ತಗೊಂಡರು. ಕೊನೆಗೆ ಸರ್ಕಾರವೂ ಊರೂ ಸೇರಿ ನೋಡಿಕೊಳ್ಳುವ ಏರ್ಪಾಡು ಬಂತು. ಗೈಡ್ ಇದನ್ನು ಹೇಳುವಾಗ ಅವರ ದನಿ ಬೇರೆಯಾಗಿತ್ತು. ‘ಕಾಡು ನಮ್ಮದು ಅಂತ ನಾವು ಅಂದುಕೊಂಡಿದ್ದಕ್ಕೇ ಕಾಡು ಇನ್ನೂ ಇದೆ’ ಅಂದರು. ನಾನು ಡಾಲರ್ ಹಾಕಿದೆ. ಅಮ್ಮ ನನ್ನಿಂದ ಇಸ್ಕೊಂಡು ತನ್ನ ಕೈಯಾರೆ ಬೇರೆ ಹಾಕಿದಳು.

ಒಳಗೆ ದಾರಿ ಸಮತಟ್ಟು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಜೌಗು ಕಾಡು, ನಡುವೆ ಮೆತ್ತನೆಯ ಮರಳು ಹಾದಿ. ಹತ್ತಿ ಇಳಿಯುವುದು ಇಲ್ಲವೇ ಇಲ್ಲ. ನಿಮ್ಮಪ್ಪನಿಗೆ ಇದು ಸರಿಹೋಗುತ್ತದೆ, ಭಯ ಬೇಡ. ಪೂರ್ತಿ ಹಾದಿ ಎಂಟು ಕಿಲೋಮೀಟರ್ ಇದೆ, ಆದರೆ ಅಷ್ಟು ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ನಾವು ಎರಡೂವರೆ ಗಂಟೆಯಲ್ಲಿ ಒಂದು ಕಿಲೋಮೀಟರ್ ಹೋದೆವೋ ಇಲ್ಲವೋ.

ಅಷ್ಟರಲ್ಲೇ ಕಂಡಿದ್ದು ಕೇಳು. ಹಾದಿಯ ಅಂಚಿನ ಒಂದು ಗಿಡದ ಮೇಲೆ, ನನ್ನ ಮೊಣಕಾಲಿನ ಎತ್ತರದಲ್ಲಿ, ಹಳದಿ ಹೂವಿನ ಹಾಗೆ ಸುರುಳಿ ಸುತ್ತಿಕೊಂಡು ಮಲಗಿತ್ತು ಒಂದು ಹಾವು. ಐಲ್ಯಾಶ್ ವೈಪರ್. ಕಣ್ಣಿನ ಮೇಲೆ ರೆಪ್ಪೆಗೂದಲಿನ ಹಾಗೆ ಚೂಪು ಹುರುಪೆಗಳಿರುತ್ತವೆ. ಹಳದಿ ಬಣ್ಣದ್ದನ್ನು ಅಲ್ಲಿಯವರು ಓರೊಪೆಲ್ ಅನ್ನುತ್ತಾರೆ. ವಿಷದ ಹಾವು. ಗೈಡ್ ಕೈ ಅಡ್ಡ ಹಿಡಿದು ಇಬ್ಬರನ್ನೂ ಎರಡು ಮೀಟರ್ ಆಚೆ ನಿಲ್ಲಿಸಿದರು. ಟ್ರೈಪಾಡಿನ ಮೇಲೆ ದೊಡ್ಡ ದುರ್ಬೀನು ಇಟ್ಟು ಅಮ್ಮನ ಎತ್ತರಕ್ಕೆ ಇಳಿಸಿ ತೋರಿಸಿದರು. ನಮ್ಮ ಹಿಂದೆ ಬಂದ ಇಪ್ಪತ್ತು ಜನರ ಗುಂಪೊಂದು ಅದನ್ನು ನೋಡದೆ ಪಕ್ಕದಲ್ಲೇ ಮಾತಾಡುತ್ತಾ ದಾಟುತ್ತಿತ್ತು. ಗೈಡ್ ಮೆಲ್ಲಗೆ ಎಚ್ಚರಿಸಿ ಆಚೆ ಬದಿಗೆ ಕಳಿಸಿದರು.

ಇನ್ನೊಂದು ಕಡೆ ಬೇರಿನ ಸಂದಿಯಲ್ಲಿ ಕೆಂಪು ಕಪ್ಪೆ. ಎರಡು ಸೆಂಟಿಮೀಟರ್ ಆಸುಪಾಸು, ಅಷ್ಟೇ. ಮೈ ಕೆಂಪು, ಕಾಲು ನೀಲಿ, ಅದಕ್ಕೇ ‘ಬ್ಲೂ ಜೀನ್ಸ್’ ಅಂತ ಹೆಸರು. ಅದರ ಚರ್ಮದಲ್ಲಿ ವಿಷ. ಆ ವಿಷ ಅದು ತಿನ್ನುವ ಇರುವೆ ಮತ್ತು ಸಣ್ಣ ನುಸಿಗಳಿಂದ ಬರುತ್ತದಂತೆ, ಆ ಆಹಾರ ಸಿಗದೆ ಬೆಳೆದದ್ದರಲ್ಲಿ ವಿಷವೇ ಇರುವುದಿಲ್ಲ. ಆದರೆ ಅಮ್ಮನಿಗೆ ನಾಟಿದ್ದು ಬೇರೆ. ತಾಯಿ ಕಪ್ಪೆ ಒಂದೊಂದೇ ಗೊದಮೊಟ್ಟೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಮರ ಹತ್ತುತ್ತದೆ. ಎಲೆಗಳ ಬುಡದಲ್ಲಿ ನಿಂತ ಬೊಗಸೆ ನೀರಿನಲ್ಲಿ ಒಂದೊಂದನ್ನೂ ಬೇರೆ ಬೇರೆ ಬಿಡುತ್ತದೆ. ಆಮೇಲೆ ದಿನಗಟ್ಟಲೆ ಅಲ್ಲಿಗೇ ಹೋಗಿ, ಮರಿಯಾಗದ ಮೊಟ್ಟೆ ಇಟ್ಟು ಅವಕ್ಕೆ ಉಣಿಸುತ್ತದೆ. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಕಪ್ಪೆಯ ಮುಂದೆ ಕೂತೇ ಬಿಟ್ಟಳು. ‘ಇಷ್ಟು ಚಿಕ್ಕದು, ಎಲ್ಲೆಲ್ಲಿ ಬಿಟ್ಟಿದೀನಿ ಅಂತ ಹೇಗೆ ನೆನಪಿಟ್ಕೊಳ್ಳತ್ತೆ?’ ನಾನು ಗೈಡ್‌ಗೆ ಕೇಳಿದೆ. ಬಿಟ್ಟ ಜಾಗವೇ ಅದಕ್ಕೆ ಗುರುತು ಅಂದರು.

ಹತ್ತು ನಿಮಿಷ ಒಂದು ಕಪ್ಪೆಯ ಮುಂದೆ ಕೂತೆವು ಮಾರಾಯ. ಯಾರೂ ಬಾವುಟ ಎತ್ತಲಿಲ್ಲ. ನಾನು ದುಡ್ಡು ಕೊಟ್ಟಿದ್ದು ಈ ಹತ್ತು ನಿಮಿಷಕ್ಕೆ ಅಂತ ನನಗೆ ಅಲ್ಲೇ ಅನಿಸಿತು. ಇಬ್ಬರಿಗೇ ವ್ಯಾನ್, ಇಬ್ಬರಿಗೇ ಗೈಡ್ ಅಂದರೆ ಹಡಗಿನ ಟೂರಿಗಿಂತ ಜಾಸ್ತಿಯೇ ಆಗುತ್ತದೆ, ಮುಚ್ಚಿಡುವುದಿಲ್ಲ. ಹಡಗಿನಲ್ಲಿ ನಿಮ್ಮಂಥದೇ ನಿಧಾನದ ಇನ್ನೊಂದು ಜೋಡಿ ಸಿಕ್ಕರೆ ಹಂಚಿಕೊಳ್ಳಬಹುದು. ಆದರೆ ನಾಲ್ಕು ಜನ ದಾಟಬೇಡ.

ಈಗ ಸ್ಲಾತ್ ವಿಷಯಕ್ಕೆ ಬರುತ್ತೇನೆ.

ಸ್ಪ್ಯಾನಿಷಿನಲ್ಲಿ ಅದರ ಹೆಸರು ಪೆರೆಸೋಸೊ. ಅಂದರೆ ಸೋಮಾರಿ. ಅಮ್ಮನಿಗೆ ಆ ಹೆಸರು ಹಿಡಿಸಲಿಲ್ಲ. ‘ಪಾಪ, ಅದಕ್ಕೆ ಅದರ ಪಾಡು’ ಅಂದಳು. ಗೈಡ್‌ಗೆ ಈ ಮಾತು ಹೇಳಿದಾಗ ಅವರಿಗೆ ತುಂಬ ಖುಷಿಯಾಯಿತು. ಸ್ಲಾತ್ ತಿನ್ನುವುದು ಎಲೆ. ಎಲೆಯಲ್ಲಿ ಕಸುವು ಕಡಿಮೆ. ತಿಂದದ್ದು ಅರಗುವುದಕ್ಕೆ ವಾರಗಟ್ಟಲೆ ಬೇಕು. ಬರುವುದೇ ಸ್ವಲ್ಪ ಆದಾಗ ಖರ್ಚೂ ಸ್ವಲ್ಪವೇ ಮಾಡುತ್ತದೆ, ಅದು ಸೋಮಾರಿತನ ಹೇಗಾಗುತ್ತದೆ ಅಂದರು. ಮೈಕೂದಲಲ್ಲಿ ಪಾಚಿ ಬೆಳೆಯುತ್ತದೆ, ಅದರಿಂದ ಹಸಿರಾಗಿ ಎಲೆಗಳ ನಡುವೆ ಕಾಣದಂತಾಗುತ್ತದೆ. ಆ ಕೂದಲಲ್ಲೇ ಒಂದು ಜಾತಿಯ ಪತಂಗ ವಾಸ ಮಾಡುತ್ತದೆ. ಕೂದಲು ಹೊಟ್ಟೆಯಿಂದ ಬೆನ್ನಿನ ಕಡೆಗೆ ಬೆಳೆದಿರುತ್ತದೆ, ತಲೆಕೆಳಗಾಗಿ ತೂಗುವಾಗ ಮಳೆ ನೀರು ಜಾರಿ ಹೋಗಲಿ ಅಂತ. ವಾರಕ್ಕೊಮ್ಮೆ ಮಾತ್ರ ನೆಲಕ್ಕೆ ಇಳಿಯುತ್ತದೆ, ಮಲವಿಸರ್ಜನೆಗೆ. ಮನುಷ್ಯನಿಗೂ ಜಿರಾಫೆಗೂ ಕತ್ತಿನಲ್ಲಿ ಏಳೇ ಮೂಳೆ. ಮೂರು ಬೆರಳಿನ ಸ್ಲಾತ್‌ಗೆ ಎಂಟೋ ಒಂಬತ್ತೋ ಇರುತ್ತವೆ. ಮೈ ಅಲ್ಲಾಡಿಸದೆ ತಲೆಯನ್ನು ಮುಕ್ಕಾಲು ಸುತ್ತು ತಿರುಗಿಸುತ್ತದೆ. 2021ರಲ್ಲಿ ಕೋಸ್ಟಾರಿಕಾ ಅದನ್ನು ರಾಷ್ಟ್ರೀಯ ಲಾಂಛನಗಳಲ್ಲಿ ಒಂದು ಅಂತ ಘೋಷಿಸಿತು.

ಇಷ್ಟೆಲ್ಲ ಕೇಳಿದ್ದಾಯಿತು, ಪ್ರಾಣಿ ಮಾತ್ರ ಕಾಣಲಿಲ್ಲ. ಹನ್ನೊಂದು ಗಂಟೆ ಆಯಿತು. ಅಮ್ಮ ಒಂದು ಬಿದ್ದ ಮರದ ಮೇಲೆ ಕೂತಳು. ಮುಂದೆ ಒಂದು ಕಿಲೋಮೀಟರ್ ಹೋದರೆ ಪೆರೆಸೋಸೊ ಅಂತಲೇ ಹೆಸರಿನ ನದಿ ಇದೆ, ಎಲೆಗಳ ರಸ ಇಳಿದು ಚಹಾ ಬಣ್ಣದ ನೀರು. ನನಗೆ ಅಲ್ಲಿವರೆಗೆ ಹೋಗುವ ಆಸೆ. ಗೈಡ್ ಅಮ್ಮನ ಕಾಲು ನೋಡಿದರು, ‘ಇಲ್ಲೇ ಇರೋಣ’ ಅಂದರು. ಮಾತು ಮುಂದುವರಿಸದೆ ಅವಳ ಪಕ್ಕ ಕೂತು ಹೇಗೆ ಹುಡುಕಬೇಕು ಅಂತ ತೋರಿಸಿಕೊಟ್ಟರು. ಪ್ರಾಣಿಯನ್ನು ಹುಡುಕಬೇಡ. ಕೊಂಬೆ ಕವಲೊಡೆಯುವ ಜಾಗಗಳನ್ನು ಒಂದೊಂದಾಗಿ ನೋಡು. ಇರಬಾರದ ಒಂದು ಗಂಟು ಎಲ್ಲಿದೆ ನೋಡು. ಗಾಳಿ ಬಂದಾಗ ಎಲ್ಲ ಅಲ್ಲಾಡುತ್ತದೆ, ಅಲ್ಲಾಡದೆ ಇರುವುದು ಯಾವುದು ನೋಡು.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಮ್ಮ ಬೈನಾಕ್ಯುಲರ್ ತಗೊಂಡಳು. ಒಂದು ಮರ ಮುಗಿಸಿ ಇನ್ನೊಂದು ಮರ, ಬುಡದಿಂದ ತುದಿವರೆಗೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಆಚೆ ದೂರದಲ್ಲಿ ಹೌಲರ್ ಮಂಗಗಳು ಗರ್ಜಿಸಲು ಶುರು ಮಾಡಿದವು. ಗಂಟಲಲ್ಲಿರುವ ಒಂದು ದೊಡ್ಡ ಟೊಳ್ಳು ಮೂಳೆಯಿಂದ ಆ ಸದ್ದು ಬರುತ್ತದೆ, ಕಿಲೋಮೀಟರುಗಟ್ಟಲೆ ಕೇಳುತ್ತದೆ. ಮಳೆ ಬರುತ್ತೆ ಅಂತ ಗೈಡ್ ಅಂದರು. ನಾನು ವಾಚ್ ನೋಡಿದೆ. ಅಮ್ಮ ಅಲುಗಲಿಲ್ಲ.

‘ಅಲ್ಲೊಂದು ಗಂಟಿದೆ.’

ಗೈಡ್ ದುರ್ಬೀನನ್ನು ಅವಳ ಬೆರಳು ತೋರಿಸಿದ ಕಡೆ ತಿರುಗಿಸಿದರು. ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು. ಆಮೇಲೆ ಎದ್ದು ಅಮ್ಮನಿಗೆ ಕೈ ಮುಗಿದರು, ಬೆಳಿಗ್ಗೆ ಅವಳು ಮುಗಿದದ್ದನ್ನು ನೋಡಿ ಕಲಿತಿದ್ದರು ಅಂತ ಕಾಣುತ್ತದೆ. ಕಡಲ ಬಾದಾಮಿ ಮರದ ತುದಿಯಲ್ಲಿ, ಇಪ್ಪತ್ತು ಮೀಟರ್ ಮೇಲೆ, ಮೂರು ಬೆರಳಿನ ಸ್ಲಾತ್. ನಾನು ನೋಡುತ್ತಿದ್ದ ಹಾಗೇ ಅದರ ಎದೆಯ ಮೇಲಿನ ಕೂದಲು ಸರಿಯಿತು. ಒಂದು ಪುಟ್ಟ ಕೈ ಹೊರಗೆ ಬಂತು. ಮರಿ! ಕೈ ಮೆಲ್ಲನೆ ಚಾಚಿ, ಗಾಳಿಯಲ್ಲಿ ತಡವರಿಸಿ, ತಾಯಿಯ ಗಲ್ಲ ಹಿಡಿದುಕೊಂಡಿತು. ಮರಿ ಸುಮಾರು ಆರು ತಿಂಗಳು ತಾಯಿಯ ಮೈಗೆ ಅಂಟಿಕೊಂಡೇ ಇರುತ್ತದಂತೆ.

ಅಮ್ಮ ಅಳುತ್ತಿದ್ದಳು. ನಾನು ಏನೂ ಕೇಳಲಿಲ್ಲ.

ಗೈಡ್ ನನ್ನ ಫೋನನ್ನು ದುರ್ಬೀನಿನ ಕಣ್ಣಿಗೆ ಹಿಡಿದು ಫೋಟೊ ತೆಗೆದುಕೊಟ್ಟರು. ನಿನಗೆ ಕಳಿಸಿದ್ದು ಅದೇ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಂದರಿನ ಹತ್ತಿರ ಯಾರಾದರೂ ಸ್ಲಾತ್ ಹಿಡಿದು ಫೋಟೊ ತೆಗೆಸಿಕೊಳ್ಳಿ ಅಂತ ಕರೆದರೆ ದಯವಿಟ್ಟು ಹೋಗಬೇಡ. ಅದರ ಮುಖದ ಗೆರೆಯೇ ನಗುವಿನ ಹಾಗಿದೆ. ಹೆದರಿ ಸಾಯುತ್ತಿದ್ದರೂ ನಗುತ್ತಿರುವ ಹಾಗೇ ಕಾಣುತ್ತದೆ. 2019ರಲ್ಲಿ ಅಲ್ಲಿನ ಸರ್ಕಾರವೇ ಪ್ರಾಣಿಗಳ ಜೊತೆ ಸೆಲ್ಫಿ ಬೇಡ ಅಂತ ಪ್ರಚಾರ ಶುರು ಮಾಡಿತು. ಪ್ರಾಣಿ ಹಿಡಿಸಿಕೊಡುತ್ತೇನೆ, ಮುಟ್ಟಿಸುತ್ತೇನೆ ಅನ್ನುವ ಗೈಡ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಮಳೆ ಬಂತು. ದಪ್ಪ ಹನಿ, ಕಾಲು ಗಂಟೆ. ಊರಿನಲ್ಲಿ ಊಟ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಕಾಳು. ಅಮ್ಮ ಎರಡನೇ ಸಲ ಹಾಕಿಸಿಕೊಂಡಳು.

ವಾಪಸ್ ಬರುವಾಗ ಎಸ್ಟ್ರೆಲ್ಲಾ ನದಿಯ ಸೇತುವೆಯ ಈಚೆಗೆ ಸಾಲಾಗಿ ವಾಹನ ನಿಂತಿತ್ತು. ಒಂದು ಕಂಟೇನರ್ ಲಾರಿ ಕೆಟ್ಟು ದಾರಿಗೆ ಅಡ್ಡ ನಿಂತಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನನ್ನ ಕೈ ತಣ್ಣಗಾಯಿತು. ಪಾಸ್‌ಪೋರ್ಟ್ ಜೇಬಿನಲ್ಲಿದೆಯಾ ಅಂತ ಮೂರು ಸಲ ಮುಟ್ಟಿ ನೋಡಿದೆ. ಅಮ್ಮನ ರಾತ್ರಿ ಮಾತ್ರೆ ಹಡಗಿನಲ್ಲೇ ಉಳಿದಿದೆ ಅಂತ ಆಗಲೇ ಹೊಳೆದದ್ದು. ನೀನು ಅಪ್ಪನ ಎರಡು ದಿನದ ಮಾತ್ರೆ ಕೈಚೀಲದಲ್ಲೇ ಇಟ್ಟುಕೋ. ಗೈಡ್ ಮಾತ್ರ ಶಾಂತವಾಗಿದ್ದರು. ಹೊರಡುವಾಗಲೇ ಒಂದೂವರೆ ಗಂಟೆ ಕೈಯಲ್ಲಿ ಉಳಿಸಿಕೊಂಡು ಹೊರಟಿದ್ದರು. ನಾನು ಊಟದ ನಂತರ ಸ್ವಲ್ಪ ಕಡಲ ದಂಡೆಯಲ್ಲಿ ಕೂರೋಣ ಅಂದಾಗ ಬೇಡ ಅಂದಿದ್ದರು. ಆಗ ನನಗೆ ಸಿಟ್ಟು ಬಂದಿತ್ತು. ಮುಕ್ಕಾಲು ಗಂಟೆ ಆದ ಮೇಲೆ ದಾರಿ ಬಿಟ್ಟಿತು. ಬಂದರಿನ ಗೇಟು ತಲುಪಿದಾಗ ಇನ್ನೂ ನಲವತ್ತು ನಿಮಿಷ ಇತ್ತು.

ಗೇಟಿನಲ್ಲಿ ಅಮ್ಮ ಗೈಡ್‌ನ ಎರಡೂ ಕೈ ಹಿಡಿದು, ‘ಚೆನ್ನಾಗಿರು ಮಗಾ’ ಅಂದಳು. ಅವರು ಅವರ ಭಾಷೆಯಲ್ಲಿ ಏನೋ ಹೇಳಿದರು. ನಾನು ಇಬ್ಬರಿಗೂ ಅನುವಾದ ಮಾಡಲಿಲ್ಲ.

ಅವರ ನಂಬರ್ ನಿನಗೆ ಬೇರೆ ಕಳಿಸುತ್ತೇನೆ. ಕೊಡೆ ಬೇಡ, ಮಳೆ ಅಂಗಿ ತಗೊಂಡು ಹೋಗು. ನೀರಿಗೆ ಸ್ಟೀಲ್ ಬಾಟಲಿ, ಉದ್ಯಾನದೊಳಗೆ ಬಳಸಿ ಎಸೆಯುವ ಪ್ಲಾಸ್ಟಿಕ್ ತರುವಂತಿಲ್ಲ. ಬೈನಾಕ್ಯುಲರ್ ಮಾತ್ರ ಎರಡು ಇರಲಿ, ಒಂದು ಅಪ್ಪನಿಗೇ ಬೇಕಾಗುತ್ತದೆ. ಅಮ್ಮ ನನ್ನದನ್ನು ವಾಪಸ್ ಕೊಟ್ಟಾಗ ಹಡಗು ಉವಿತಾ ದಾಟಿ, ದಡದ ಮರಗಳು ಬರೀ ಒಂದು ಹಸಿರು ಗೆರೆಯಾಗಿದ್ದವು. ಅಲ್ಲಿಯವರೆಗೂ ಅವಳು ಡೆಕ್ಕಿನ ಕಂಬಿ ಹಿಡಿದು ನಿಂತು, ಕೊಂಬೆಗಳ ಕವಲನ್ನು ಒಂದೊಂದಾಗಿ ನೋಡುತ್ತಿದ್ದಳು.

ನಿನ್ನ ಗೆಳೆಯ